ಫಸ್ಟ್ ಯಾರು ಅಂತ ಮೊದಲೇ ಗೊತ್ತಿರೋ ಓಟ

ಹೋದ ತಿಂಗಳು ನಮ್ಮ ಬಡಾವಣೆ ಲೈಬ್ರರಿಯ ಮೇಲ್ಗಡೆ ಹಾಲ್‌ನಲ್ಲಿ ಮಾತಾಡಿದ್ದು ಇದು. ಬರಕ್ಕಾಗದೇ ಇದ್ದವರು ಕೇಳಿದ್ರು ಅಂತ ಫೋನ್ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಪ್ರೊಜೆಕ್ಟರ್ ಕೈಕೊಟ್ಟಾಗ ಹರಟೆ ಹೊಡೆದಿದ್ದನ್ನ ತೆಗೆದಿದೀನಿ, ಉಳಿದಿದ್ದು ಹೆಚ್ಚುಕಮ್ಮಿ ಮಾತಾಡಿದ ಹಾಗೇ ಇದೆ.

ಎಲ್ರಿಗೂ ನಮಸ್ಕಾರ. ಮೊದಲೇ ಒಂದು ಹೇಳ್ಬಿಡ್ತೀನಿ, ಪೋಸ್ಟರ್ ನೋಡಿ ಇಬ್ರು ಫೋನ್ ಮಾಡಿ ತುಮಕೂರು ಹತ್ರದ ಗುಬ್ಬಿ ಬಗ್ಗೆ ಮಾತಾಡ್ತೀರಾ, ನಾಟಕ ಕಂಪನಿ ಕಥೆ ಎಲ್ಲಾ ಇರುತ್ತಾ ಅಂತ ಕೇಳಿದ್ರು. ಇಲ್ಲ ಸಾರ್, ಇದು ಗುಬ್ಬಿಯೋ, ಇಟಲಿದು. ಕೊನೇಲಿ ಒಂದು ಯೋ ಇದೆ, ಅದು ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ. ಆ ಇಬ್ರೂ ಬಂದಿದಾರೆ ಅನ್ಸುತ್ತೆ, ಥ್ಯಾಂಕ್ಸ್.

ಇಟಲಿಯ ನಡುಮಧ್ಯದಲ್ಲಿ ಉಂಬ್ರಿಯಾ ಅಂತ ಒಂದು ಪ್ರಾಂತ್ಯ ಇದೆ, ಸಮುದ್ರ ಇಲ್ಲ, ಬರೀ ಬೆಟ್ಟ. ಅದರ ರಾಜಧಾನಿ ಪೆರೂಜಾ. ಅಲ್ಲಿ ವಿದೇಶಿಯರಿಗೆ ಇಟಾಲಿಯನ್ ಕಲಿಸೋಕೇ ಅಂತ ಒಂದು ಯೂನಿವರ್ಸಿಟಿ ಇದೆ, ನಾನು ಅಲ್ಲಿ ಭಾಷೆ ಕಲಿಯೋಕೆ ಹೋಗಿದ್ದೆ. ವೀಕೆಂಡ್ ಬಂತು ಅಂದ್ರೆ ಬಸ್ ಹತ್ತಿ ಗುಬ್ಬಿಯೋಗೆ ಹೋಗ್ಬಿಡ್ತಿದ್ದೆ, ಯಾಕಂದ್ರೆ ಪೆರೂಜಾದಲ್ಲಿ ನಾನು ತಪ್ಪು ಇಟಾಲಿಯನ್ ಮಾತಾಡಿದ್ರೆ ಜನ ಇಂಗ್ಲಿಷ್‌ಗೆ ತಿರುಗ್ತಿದ್ರು, ಗುಬ್ಬಿಯೋದಲ್ಲಿ ಹಾಗಲ್ಲ, ಅಲ್ಲಿ ಅವರ ಸ್ಪೀಡಲ್ಲೇ ಮಾತಾಡ್ತಿದ್ರು, ಅರ್ಥ ಆದ್ರೆ ಆಯ್ತು ಇಲ್ಲಾಂದ್ರೆ ಇಲ್ಲ. ಊರಿಗೆ ರೈಲ್ವೆ ಸ್ಟೇಷನ್ ಇಲ್ಲ. ಸುತ್ತಮುತ್ತ ಹಳ್ಳಿಗಳೆಲ್ಲಾ ಸೇರಿಸಿದ್ರೆ ಸುಮಾರು 30 ಸಾವಿರ ಜನ. ಇಂಜಿನೊ ಅನ್ನೋ ಬೆಟ್ಟದ ಮೈಗೆ ಅಂಟ್ಕೊಂಡು ಕಲ್ಲಿನ ಮನೆಗಳು, ಒಂದರ ತಲೆ ಮೇಲೆ ಇನ್ನೊಂದರ ಕಾಲು ಅನ್ನೋ ಥರ. ಮಧ್ಯದಲ್ಲಿ ಪಿಯಾತ್ಸಾ ಗ್ರಾಂದೆ ಅಂತ ದೊಡ್ಡ ಚೌಕ. ಬೆಟ್ಟದ ಇಳಿಜಾರಲ್ಲಿ ಸಮತಟ್ಟಾದ ಜಾಗ ಎಲ್ಲಿಂದ ಬರ್ಬೇಕು, ಅದಕ್ಕೆ 14ನೇ ಶತಮಾನದಲ್ಲಿ ಕೆಳಗಡೆ ದೊಡ್ಡ ದೊಡ್ಡ ಕಮಾನು ಕಟ್ಟಿ ಅದರ ಮೇಲೆ ಚೌಕನ ಕೂರಿಸಿದಾರೆ, ಒಂದು ಕಡೆ ಅರಮನೆ ಥರದ ಪಲಾತ್ಸೊ ದೇಯ್ ಕೊನ್ಸೊಲಿ, ಇನ್ನೊಂದು ಕಡೆ ಬರೀ ಗಾಳಿ.

ನಾನು ಮಾತಾಡ್ಬೇಕಂತಿರೋದು ಈ ಊರಿನ ಒಂದೇ ಒಂದು ದಿನದ ಬಗ್ಗೆ, ಮೇ 15. ಊರಲ್ಲಿ ಬೇರೆ ಹಬ್ಬಗಳೂ ಇವೆ, ಮೇ ಕೊನೇ ಭಾನುವಾರ ಪಕ್ಕದ ಪ್ರಾಂತ್ಯದ ಸಾನ್ಸೆಪೊಲ್ಕ್ರೊ ಊರಿನವರ ಜೊತೆ ಹಳೇ ಕಾಲದ ಅಡ್ಡಬಿಲ್ಲಿನ ಸ್ಪರ್ಧೆ, ಕ್ರಿಸ್‌ಮಸ್‌ಗೆ ಇಡೀ ಬೆಟ್ಟದ ಮೇಲೆ ದೀಪ ಹಾಕಿ ಮರದ ಆಕಾರ ಮಾಡ್ತಾರೆ, ಅದು ಗಿನ್ನೆಸ್ ಪುಸ್ತಕಕ್ಕೂ ಹೋಗಿದೆ. ಆದ್ರೆ ಊರಿನವರನ್ನ ಕೇಳಿ, ವರ್ಷಕ್ಕೆ ಒಂದೇ ದಿನ, ಉಳಿದ 364 ಆ ದಿನಕ್ಕೆ ಕಾಯೋದು.

ಆ ದಿನ ಊರಲ್ಲಿ ಹೊತ್ಕೊಂಡು ಓಡೋದು ಮೂರು ಚೇರಿ. ಒಂದಾದ್ರೆ ಚೇರೊ, ಜಾಸ್ತಿ ಆದ್ರೆ ಚೇರಿ. ಆ ಪದಕ್ಕೆ ಅರ್ಥ ಮೇಣದಬತ್ತಿ, ಆದ್ರೆ ಈಗ ಇರೋದು ಮೇಣದ್ದಲ್ಲ, ಮರದ್ದು. ಎಂಟು ಮುಖದ ಎರಡು ದೊಡ್ಡ ಮರದ ಪೆಟ್ಟಿಗೆ, ಸೊಂಟದ ಹತ್ರ ಸಣ್ಣಗಾಗಿರೋದು, ಅದನ್ನ ಒಂದರ ಮೇಲೊಂದು ನಿಲ್ಸಿದ ಹಾಗೆ, ಎತ್ತರ ನಾಲ್ಕು ಮೀಟರ್‌ಗೂ ಜಾಸ್ತಿ, ತೂಕ ಹೆಚ್ಚುಕಮ್ಮಿ 300 ಕಿಲೋ. ತುದೀಲಿ ಒಂದು ಪುಟ್ಟ ಸಂತನ ಮೂರ್ತಿ. ಕೆಳಗೆ ಹೊರೋಕೆ ಬಾರೆಲ್ಲಾ ಅಂತ ಮರದ ದಪ್ಪ ತೊಲೆಗಳ ಚೌಕಟ್ಟು. ಚಕ್ರ ಇಲ್ಲ, ಹಗ್ಗ ಇಲ್ಲ, ಎಳೆಯೋದಲ್ಲ, ಹೆಗಲ ಮೇಲೆ ನೆಟ್ಟಗೆ ನಿಲ್ಸ್ಕೊಂಡು ಓಡೋದು. ನಡೆಯೋದಲ್ಲ, ಮತ್ತೆ ಹೇಳ್ತೀನಿ, ಓಡೋದು. ಆ ಸಂದಿಗಳಲ್ಲಿ, ಎರಡು ಕಡೆ ಗೋಡೆಗೆ ಬೆನ್ನು ಹಚ್ಚಿ ಜನ ನಿಂತಿರ್ತಾರೆ, ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಬೇಕು, ಅಷ್ಟು ಹತ್ರ ಹೋಗುತ್ತೆ.

ಮೊದಲನೇದು ಸಾಂತ್ ಉಬಾಲ್ದೊ, ಊರ ಸಂತ, ಗಾರೆ ಕೆಲಸದವರ ಚೇರೊ, ಹಳದಿ ಶರ್ಟು. ಎರಡನೇದು ಸಾನ್ ಜೋರ್ಜೊ, ವ್ಯಾಪಾರಿಗಳದ್ದು, ನೀಲಿ ಶರ್ಟು. ಮೂರನೇದು ಸಾಂತ್ ಅಂತೋನಿಯೊ, ರೈತರದ್ದು, ಕಪ್ಪು ಶರ್ಟು. ಎಲ್ರಿಗೂ ಬಿಳಿ ಪ್ಯಾಂಟು, ಸೊಂಟಕ್ಕೆ ಕೆಂಪು ಪಟ್ಟಿ, ಕತ್ತಿಗೆ ಕೆಂಪು ಕರ್ಚೀಫು. ಈಗ ಗಾರೆ ಕೆಲಸ ಮಾಡೋರೇ ಹಳದಿ ಹಾಕ್ಬೇಕು ಅಂತೇನಿಲ್ಲ, ಡೆಂಟಿಸ್ಟ್ ಕೂಡ ಹಾಕ್ತಾನೆ, ಅಪ್ಪಂದು ಹಳದಿ ಆದ್ರೆ ಸಾಮಾನ್ಯವಾಗಿ ಮಗಂದೂ ಹಳದಿ. ಹುಟ್ಟಿದ ಮಗುಗೆ ಹೆಸರಿಡೋಕ್ಕೆ ಮುಂಚೆ ಕೆಂಪು ಕರ್ಚೀಫು ಬಂದಿರುತ್ತೆ. ಹಳದಿ ಮನೆ ಹುಡುಗಿ ನೀಲಿ ಮನೆ ಹುಡುಗನ್ನ ಮದುವೆ ಆದ್ರೆ ಏನಾಗುತ್ತೆ ಅಂತ ಕೇಳಿದೆ, ಮಗು ಯಾವ ಕಡೆ ಅಂತ ಎರಡು ಕಡೆ ಅಜ್ಜಂದಿರು ಜಗಳ ಆಡ್ತಾರೆ ಅಂದ್ರು. ತಮಾಷೆಗೆ ಹೇಳಿದ್ದು ಅಂದ್ಕೊಂಡೆ, ಆಮೇಲೆ ಅಂಥ ಒಂದು ಮನೆ ನೋಡಿದೆ, ತಮಾಷೆ ಅಲ್ಲ.

ನಂದೂ ಒಂದು ಎಡವಟ್ಟು ಆಯ್ತು. ನಾನು ರೂಮ್ ತಗೊಳ್ತಿದ್ದ ಮನೆ ಯಜಮಾನಿ, ಅರವತ್ತು ದಾಟಿದ ಹೆಂಗಸು, ಗಂಡ ತೀರ್ಕೊಂಡಿದ್ರು, ಮನೆಯೆಲ್ಲಾ ಹಳದಿ. ಮೇ 15ಕ್ಕೆ ಬೆಳಿಗ್ಗೆ ನಾನು ಇರೋದರಲ್ಲಿ ಇಸ್ತ್ರಿ ಆಗಿದ್ದ ಶರ್ಟ್ ಹಾಕ್ಕೊಂಡು ಕೆಳಗಿಳಿದೆ, ಅದು ನೀಲಿ. ಆಯಮ್ಮ ನನ್ನ ಮುಖ ನೋಡ್ಲಿಲ್ಲ, ಶರ್ಟ್ ನೋಡಿದ್ರು. ಏನೂ ಮಾತಾಡ್ದೆ ಒಳಗೆ ಹೋಗಿ ಗಂಡನ ಹಳೇ ಹಳದಿ ಶರ್ಟ್ ತಂದು ಕೈಗಿಟ್ರು. ನಂಗೆ ಎರಡು ಸೈಜ್ ದೊಡ್ದು. ದಿನವಿಡೀ ಅದನ್ನೇ ಹಾಕ್ಕೊಂಡು ತಿರುಗಿದೆ, ಅದಾದ್ಮೇಲೆ ನಾನೂ ಹಳದಿ ಅಂತ ಆಗೋಯ್ತು, ಇವತ್ತಿಗೂ.

ಈಗ ಉಬಾಲ್ದೊ ಯಾರು ಅಂತ. 12ನೇ ಶತಮಾನದಲ್ಲಿ ಇದೇ ಊರಿನ ಬಿಷಪ್ ಆಗಿದ್ದವರು, ತೀರ್ಕೊಂಡಿದ್ದು 1160ರ ಮೇ 16. ಹಬ್ಬ ಅದರ ಹಿಂದಿನ ದಿನ. ಅಕ್ಕಪಕ್ಕದ ಹನ್ನೊಂದು ಊರುಗಳು ಸೇರ್ಕೊಂಡು ಮುತ್ತಿಗೆ ಹಾಕಿದಾಗ ಇವರ ಪ್ರಾರ್ಥನೆಯಿಂದ ಊರು ಉಳೀತು ಅಂತ ನಂಬಿಕೆ. ಆದ್ರೆ ನಂಗಿಷ್ಟ ಆಗೋ ಕಥೆ ಬೇರೆ. ಊರ ಗೋಡೆ ರಿಪೇರಿ ನಡೀತಿತ್ತಂತೆ, ಗಾರೆಯವನು ಬಿಷಪ್ಪರ ದ್ರಾಕ್ಷಿ ತೋಟ ಹಾಳು ಮಾಡ್ತಿದ್ದ, ಇವರು ಹೋಗಿ ಯಾಕಪ್ಪಾ ಅಂತ ಕೇಳಿದ್ರೆ ಅವನು ಸಿಟ್ಟಿಗೆದ್ದು ಬಿಷಪ್ಪರನ್ನೇ ಹಸಿ ಗಾರೆಯೊಳಗೆ ತಳ್ಳಿಬಿಟ್ಟ. ಜನ ಅವನನ್ನ ಬಿಡಲ್ಲ ಅಂತ ನಿಂತಾಗ ಇವರು, ನಾನೇ ಶಿಕ್ಷೆ ಕೊಡ್ತೀನಿ ಅಂದು ಅವನಿಗೆ ಒಂದು ಮುತ್ತು ಕೊಟ್ಟು ಕಳ್ಸಿದ್ರಂತೆ. ಅಂಥವರ ಮೂರ್ತಿನ ಇವತ್ತು ಗಾರೆ ಕೆಲಸದವರ ಹೆಸರಲ್ಲಿ ಹೊರ್ತಾರೆ ಅನ್ನೋದು ನಂಗೆ ಬರೀ ಕಾಕತಾಳೀಯ ಅನ್ಸಲ್ಲ. 1194ರಲ್ಲಿ ಅವರ ದೇಹನ ಬೆಟ್ಟದ ಮೇಲೆ ತಗೊಂಡು ಹೋದ್ರು, ಈಗಲೂ ಅಲ್ಲಿನ ಬಸಿಲಿಕಾದಲ್ಲಿ ಗಾಜಿನ ಪೆಟ್ಟಿಗೇಲಿ ಇದೆ, ನೋಡಬಹುದು. ಮೂರೂ ಚೇರಿ ವರ್ಷವಿಡೀ ಇರೋದೂ ಅಲ್ಲೇ. ಮೇ ಮೊದಲ ಭಾನುವಾರ ಮಲಗಿಸಿಕೊಂಡು ಕೆಳಗೆ ತರ್ತಾರೆ, ಮೇಲೆ ಚಿಕ್ಕ ಮಕ್ಕಳನ್ನ ಕುದುರೆ ಥರ ಕೂರಿಸ್ಕೊಂಡು.

ಹಿಂದೆ ಕುಲಕಸುಬಿನವರೆಲ್ಲಾ ಸೇರಿ ಸಂತನಿಗೆ ನಿಜವಾದ ಮೇಣದ ಕಾಣಿಕೆ ಒಯ್ತಿದ್ರು, ಅದೇ ಆಮೇಲೆ ಮರದ್ದಾಯ್ತು ಅಂತ ಒಂದು ವಾದ. ಇನ್ನೊಂದು ವಾದ, ಇದು ಕ್ರಿಸ್ತನಿಗಿಂತ ಹಳೇದು, ವಸಂತದ ಪೂಜೆ ಅಂತ. ಆ ಎರಡನೇ ವಾದಕ್ಕೆ ಜೀವ ಕೊಡೋದು ಅದೇ ಪಲಾತ್ಸೊ ಒಳಗಿರೋ ಏಳು ಕಂಚಿನ ಫಲಕಗಳು. 1444ರಲ್ಲಿ ಸಿಕ್ಕಿದ್ವು, 1456ರಲ್ಲಿ ಊರಿನ ಆಡಳಿತ ಕೊಂಡ್ಕೊಳ್ತು. ಲ್ಯಾಟಿನ್ ಅಲ್ಲ, ಉಂಬ್ರಿಯನ್ ಅನ್ನೋ ಸತ್ತುಹೋದ ಭಾಷೆ, ಆ ಭಾಷೆ ಬಗ್ಗೆ ಜಗತ್ತಿಗೆ ಗೊತ್ತಿರೋದರಲ್ಲಿ ಬಹುಪಾಲು ಈ ಏಳು ಹಾಳೆಯಿಂದಲೇ. ಅದರಲ್ಲಿ ಬರೆದಿರೋದು ಏನು ಗೊತ್ತಾ, ಪೂಜಾವಿಧಿ, ಊರಿನ ಮೂರು ಬಾಗಿಲ ಹತ್ರ ಯಾವ ದೇವರಿಗೆ ಯಾವ ಬಲಿ ಕೊಡ್ಬೇಕು, ಹೆಂಗೆ ಊರನ್ನ ಶುದ್ಧಿ ಮಾಡ್ಬೇಕು, ತಪ್ಪಾದ್ರೆ ಮತ್ತೆ ಮೊದಲಿಂದ ಶುರು ಮಾಡಿ ಅಂತ. ಮೂರು ಬಾಗಿಲು, ಮೂರು ಚೇರಿ. ನಂಟು ಇದ್ರೂ ಇರಬಹುದು. ನಾನು ಯಾವ ಕಡೆನೂ ವಾದ ಮಾಡಲ್ಲ, ಆದ್ರೆ ಆ ಫಲಕಗಳ ಮುಂದೆ ನಿಂತಾಗ ಹೊರಗಡೆ ಡ್ರಮ್ ಕೇಳ್ತಿದ್ರೆ ಎರಡನೇ ವಾದನೇ ನಿಜ ಇರ್ಲಿ ಅನ್ಸುತ್ತೆ.

ದಿನ ಶುರು ಆಗೋದು ಬೆಳಗಿನ ಜಾವ. ಡ್ರಮ್‌ನವರು ಊರೆಲ್ಲಾ ಸುತ್ತಿ ಹಬ್ಬದ ಕ್ಯಾಪ್ಟನ್‌ಗಳನ್ನ, ಚೇರಿ ಮುಂದಾಳುಗಳನ್ನ ಎಬ್ಬಿಸ್ತಾರೆ, ಯಾರೂ ಮಲಗಿರಲ್ಲ ಅನ್ನೋದು ಬೇರೆ ಮಾತು. ಎದ್ದು ಮೊದಲು ಹೋಗೋದು ಎಲ್ಲಿಗೆ ಅಂದ್ರೆ ಸ್ಮಶಾನಕ್ಕೆ. ಹಿಂದೆ ಚೇರೊ ಹೊತ್ತು ಈಗ ಸತ್ತುಹೋಗಿರೋರಿಗೆ ನಮಸ್ಕಾರ ಹಾಕಿ ಬರ್ತಾರೆ. ಆಮೇಲೆ ಗಾರೆಯವರ ಸಣ್ಣ ಚರ್ಚಿನಲ್ಲಿ ಪೂಜೆ, ಅಲ್ಲಿಂದ ಮೂರೂ ಸಂತರ ಮೂರ್ತಿಗಳ ಮೆರವಣಿಗೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಚೌಕದಲ್ಲಿ ಕಾಲಿಡಕ್ಕೆ ಜಾಗ ಇರಲ್ಲ. ಮೂರೂ ಚೇರಿ ಅಡ್ಡ ಮಲಗಿರ್ತವೆ. ಮೇಲೆ ಗಂಟೆ ಗೋಪುರದಲ್ಲಿ ಕಂಪಾನೋನೆ, ಅಂದ್ರೆ ದೊಡ್ಡ ಗಂಟೆ, 1769ರದ್ದು, ಸುಮಾರು ಎರಡು ಟನ್, ಅದನ್ನ ಹಗ್ಗದಿಂದ ಎಳೆಯಲ್ಲ, ಗಂಟೆಯವರು ಮೇಲೆ ನಿಂತು ಕೈಕಾಲಿಂದಲೇ ಒದ್ದು ತೂಗ್ತಾರೆ. ಒಂದೊಂದು ಚೇರೊಗೂ ಒಬ್ಬ ಕಪೊದಿಯೇಚಿ, ಅಂದ್ರೆ ಹತ್ತು ಜನರ ಮುಂದಾಳು. ಅವನು ಬಾರೆಲ್ಲಾ ಮೇಲೆ ಹತ್ತಿ ನಿಲ್ತಾನೆ, ಕೈಲಿ ಬಣ್ಣದ ಮಣ್ಣಿನ ಹೂಜಿ. ಹೂಜಿ ನೀರನ್ನ ಚೇರೊ ಮತ್ತೆ ಬಾರೆಲ್ಲಾ ಸೇರೋ ಜಾಗಕ್ಕೆ ಸುರೀತಾನೆ, ಅಲ್ಲಿ ಹೊಡೆದಿರೋ ಮರದ ಬೆಣೆ ನೀರು ಕುಡಿದು ಉಬ್ಬಿ ಬಿಗಿ ಆಗ್ಲಿ ಅಂತ. ಸುರಿದ ತಕ್ಷಣ ಹೂಜಿನ ಜನರ ಮಧ್ಯಕ್ಕೆ ಎಸೆದು, ತಾನೂ ಬಾರೆಲ್ಲಾ ಹಿಡ್ಕೊಂಡು ಮುಂದಕ್ಕೆ ಬೀಳ್ತಾನೆ, ಅವನ ಮೈಭಾರವೇ ಸನ್ನೆಕೋಲು, ಹಿಂದಿನವರು ಎತ್ತಿಕೊಡ್ತಾರೆ, ಒಂದೇ ಉಸಿರಲ್ಲಿ ನಾಲ್ಕು ಮೀಟರ್ ಮರ ನೆಟ್ಟಗೆ ಎದ್ದು ನಿಂತ್ಕೊಂಡಿರುತ್ತೆ. ನಾನು ಕಣ್ಣು ಮಿಟುಕಿಸಿದ್ದೆ, ಒಂದನ್ನ ಮಿಸ್ ಮಾಡ್ಕೊಂಡೆ. ಆ ಕಡೆ ಹೂಜಿ ಬಿದ್ದ ಜಾಗದಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಚೂರು ಹುಡುಕ್ತಿರ್ತಾರೆ, ಚೂರು ಸಿಕ್ಕಿದ್ರೆ ಅದೃಷ್ಟ. ತಗೊಳಿ, ಇದು ಅಂಥದ್ದೊಂದು ಚೂರು, ಮನೆ ಯಜಮಾನಿ ಕೊಟ್ಟಿದ್ದು, ಅವರ ಗಂಡ ಯಾವ್ದೋ ವರ್ಷ ಕೈ ಕುಯ್ಯಿಸ್ಕೊಂಡು ತಂದಿದ್ದಂತೆ. ನೋಡಿ ಪಾಸ್ ಮಾಡಿ, ಚೂಪಾಗಿದೆ ಹುಷಾರು.

ಎತ್ತಿದ್ಮೇಲೆ ಚೌಕದ ಮಧ್ಯದ ಧ್ವಜಕಂಬಕ್ಕೆ ಮೂರು ಸುತ್ತು, ಆಮೇಲೆ ಒಂದೊಂದು ಚೇರೊ ಒಂದೊಂದು ಕಡೆ ಹೋಗುತ್ತೆ. ಹುಷಾರಿಲ್ಲದೆ ಮಲಗಿರೋರ, ಹಿಂದೆ ಹೊತ್ತಿದ್ದ ವಯಸ್ಸಾದವರ ಮನೆ ಕಿಟಕಿ ಕೆಳಗೆ ಹೋಗಿ ನಿಂತು ಬಾಗಿಸಿ ಸಲಾಂ ಮಾಡಿಸ್ತಾರೆ. ನಮ್ಮ ಯಜಮಾನಿ ಬಾಗಿಲ ಮುಂದೆಯೂ ಬಂತು. ಆಯಮ್ಮ ಅಳ್ತಾರೇನೋ ಅಂದ್ಕೊಂಡೆ, ಅಳ್ಲಿಲ್ಲ, ಹೊತ್ತಿದ್ದ ಒಬ್ಬನಿಗೆ ನಿನ್ನ ಶೂ ಲೇಸ್ ಬಿಚ್ಚಿದೆ ನೋಡ್ಕೋ ಅಂದ್ರು. ಆಮೇಲೆ ಊಟ, ಆ ದಿನದ ದೊಡ್ಡ ಊಟ ಮೀನಿನದು, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಇರ್ಲೇಬೇಕು. ವೈನ್ ಲೆಕ್ಕ ನಾನು ಇಟ್ಟಿಲ್ಲ, ಅವರೂ ಇಟ್ಟಿಲ್ಲ.

ಸಂಜೆ ಬಿಷಪ್ ಬಂದು ಆಶೀರ್ವಾದ ಮಾಡ್ತಾರೆ, ಆರು ಗಂಟೆ ಹೊತ್ತಿಗೆ ಓಟ ಶುರು. ದೂರದಿಂದ ಒಂದು ಕೂಗು ಕೇಳುತ್ತೆ, ವಿಯಾ ಕೆಕ್ಕೊಲಿ, ಅಂದ್ರೆ ಸರೀರಿ, ಬಂದ್ರು ಅಂತ. ಆ ಕೂಗು ಕೇಳಿದಾಗ ಬೆನ್ನು ಚುರುಗುಟ್ಟುತ್ತೆ ನಿಜವಾಗ್ಲೂ. ಕ್ಯಾಪ್ಟನ್‌ಗಳು ಮುಂದೆ, ಹಿಂದೆ ಹಳದಿ ಪ್ರವಾಹ, ಆಮೇಲೆ ನೀಲಿ, ಆಮೇಲೆ ಕಪ್ಪು. ಇಡೀ ದಾರಿ ನಾಲ್ಕು ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ, ಮಧ್ಯೆ ನಿಂತು ಸುಧಾರಿಸಿಕೊಳ್ಳೋ ಜಾಗ ಇವೆ, ಆದ್ರೆ ಕೊನೇದು ಊರ ಬಾಗಿಲಿಂದ ಬೆಟ್ಟದ ಮೇಲಿನ ಬಸಿಲಿಕಾ ತನಕ, ಸುಮಾರು 300 ಮೀಟರ್ ಎತ್ತರ ಹತ್ತೋದು, ಅಂಕುಡೊಂಕು ದಾರಿ. ನಾನು ಅದೇ ದಾರೀಲಿ ಬರಿಗೈಲಿ ನಡ್ಕೊಂಡು ಹೋಗಿದೀನಿ, ಮೂರು ಕಡೆ ಕೂತೆ.

ಒಂದೇ ಗುಂಪು ಕೊನೇ ತನಕ ಹೊರೋಕೆ ಯಾವ ಮನುಷ್ಯನಿಂದಲೂ ಆಗಲ್ಲ. ಅದಕ್ಕೇ ದಾರಿ ಉದ್ದಕ್ಕೂ ಮೂತಾ ಅಂತ ಬೇರೆ ಬೇರೆ ತಂಡಗಳು ಕಾಯ್ತಾ ನಿಂತಿರ್ತವೆ. ಚೇರೊ ಬಂದಾಗ ನಿಲ್ಲೋ ಹಾಗಿಲ್ಲ, ಸ್ಲೋ ಆಗೋ ಹಾಗಿಲ್ಲ, ಓಡ್ತಾ ಇರೋ ತೊಲೆ ಕೆಳಗೆ ಹೊಸಬನು ಹೆಗಲು ತೂರಿಸ್ಬೇಕು, ಹಳಬನು ಆಚೆ ಬೀಳ್ಬೇಕು. ಪಕ್ಕದಲ್ಲಿ ಬ್ರಾಚೇರೆ ಅಂತ ಒಬ್ಬ, ಹೊತ್ತವನ ತೋಳು ಹಿಡಿದು ಆಸರೆ ಕೊಟ್ಕೊಂಡು ಜೊತೆಗೇ ಓಡೋನು. ಮುಂದೆ ಕಪೊದಿಯೇಚಿ, ಹಿಂದೆ ಇನ್ನೊಬ್ಬ, ಇಬ್ರೂ ಸ್ಟಿಯರಿಂಗ್ ಇದ್ದ ಹಾಗೆ. ಒಬ್ಬನ ಹೆಗಲು ಒಂದಿಂಚು ಕೆಳಗಾದ್ರೆ ಮೇಲೆ ತುದಿ ವಾಲುತ್ತೆ, ವಾಲಿದ್ದು ಗೋಡೆಗೆ ತಾಗುತ್ತೆ, ಕೆಲವು ಸಲ ಬೀಳುತ್ತೆ. ಬಿದ್ರೆ ಆ ವಿಷಯ ಮುಂದಿನ ಮೇ ತನಕ ಬಾರ್‌ನಲ್ಲಿ, ಕಟಿಂಗ್ ಶಾಪ್‌ನಲ್ಲಿ, ಎಲ್ಲಾ ಕಡೆ ಕಾಡುತ್ತೆ. ಯಾವ ತಿರುವಲ್ಲಿ, ಯಾವ ಮೂತಾ ಕೈಲಿದ್ದಾಗ ಬಿತ್ತು, ಎಲ್ಲಾ ನೆನಪಿಟ್ಕೊಂಡಿರ್ತಾರೆ.

ಈಗ ನಿಮಗೆಲ್ಲಾ ಬಂದಿರೋ ಪ್ರಶ್ನೆ, ಗೆಲ್ಲೋದು ಯಾರು? ಇಲ್ಲೇ ಇರೋದು ನೋಡಿ ಮಜಾ. ಓವರ್‌ಟೇಕ್ ಮಾಡೋ ಹಾಗೇ ಇಲ್ಲ. ಉಬಾಲ್ದೊ ಫಸ್ಟು, ಜೋರ್ಜೊ ಸೆಕೆಂಡು, ಅಂತೋನಿಯೊ ಥರ್ಡು, ಹೋದ ವರ್ಷವೂ ಅದೇ, ಬರೋ ವರ್ಷವೂ ಅದೇ. ಮೊದಲ ಸಲ ಇದು ಗೊತ್ತಾದಾಗ ಹಾಗಾದ್ರೆ ಇಷ್ಟು ಜೋರಾಗಿ ಯಾಕೆ ಓಡ್ತೀರಾ ಸಿನ್ಯೋರಾ ಅಂತ ಕೇಳಿದೆ. ಆಯಮ್ಮ ಸೊಪ್ಪು ಬಿಡಿಸ್ತಾ ಇದ್ರು, ಹಿಂದೆ ಜೋರ್ಜೊ ಬರ್ತಿರ್ತಾನಲ್ಲಪ್ಪಾ ಅಂದ್ರು. ಅಷ್ಟೇ ಉತ್ತರ.

ಒಂದೇ ಒಂದು ಕಡೆ ನಿಜವಾದ ಪೈಪೋಟಿ ಇದೆ, ಅದು ಬಸಿಲಿಕಾದ ಬಾಗಿಲು. ಉಬಾಲ್ದೊದವರು ಮೇಲೆ ಹೋಗಿ ಚೇರೊನ ಬಾಗಿಸಿ ಒಳಗೆ ನುಗ್ಗಿಸಿ, ಹಿಂದಿಂದ ಜೋರ್ಜೊ ಬರೋಷ್ಟರಲ್ಲಿ ದೊಡ್ಡ ಬಾಗಿಲನ್ನ ಮುಚ್ಚಿಬಿಡೋಕೆ ನೋಡ್ತಾರೆ. ಜೋರ್ಜೊದವರು ಬಾಗಿಲು ಮುಚ್ಚೋಕೆ ಬಿಡದ ಹಾಗೆ ಹತ್ರ ಅಂಟ್ಕೊಂಡೇ ಬರೋಕೆ ನೋಡ್ತಾರೆ. ಬಾಗಿಲು ಮುಚ್ಚಿದ್ರೆ ಹಳದಿಗೆ ಹಬ್ಬ, ಮುಚ್ಚಕ್ಕಾಗದೇ ಇದ್ರೆ ನೀಲಿಗೆ ಹಬ್ಬ. ಅಂತೋನಿಯೊದವರಿಗೆ ಈ ಜಗಳದಲ್ಲಿ ಪಾಲಿಲ್ಲ, ಬೀಳ್ದೇ, ವಾಲ್ದೇ, ಹಿಂದೆ ಉಳೀದೇ ಬಂದ್ವಿ ಅನ್ನೋದೇ ಅವರ ಹೆಮ್ಮೆ. ಕಪ್ಪು ಶರ್ಟಿನ ಒಬ್ಬ ಹುಡುಗ ನಂಗೆ ಹೇಳಿದ್ದು, ನಿಮ್ಮವರು ಬಾಗಿಲಿಗಾಗಿ ಓಡ್ತಾರೆ, ನಾವು ಸುಮ್ನೆ ಓಡ್ತೀವಿ, ಯಾರು ದೊಡ್ಡೋರು ನೀನೇ ಹೇಳು ಅಂತ. ಹಳದಿ ಶರ್ಟಲ್ಲಿ ನಿಂತು ಏನು ಹೇಳ್ಲಿ ನಾನು.

ಇದನ್ನ ನೋಡಿದ್ರೆ ಹುಚ್ಚು ಅನ್ಸುತ್ತೆ, ಅವರಿಗೂ ಅದು ಗೊತ್ತು. ಊರಲ್ಲಿ ಹುಚ್ಚರ ಕಾರಂಜಿ ಅಂತಲೇ ಒಂದಿದೆ, ಅದಕ್ಕೆ ಮೂರು ಸುತ್ತು ಓಡಿ ನೀರು ಚಿಮುಕಿಸ್ಕೊಂಡ್ರೆ ಹುಚ್ಚನ ಲೈಸೆನ್ಸ್ ಕೊಡ್ತಾರೆ, ಪ್ರಿಂಟ್ ಆಗಿರೋ ಸರ್ಟಿಫಿಕೇಟು. ನನ್ನ ಹತ್ರ ಇದೆ, ಫ್ರೇಮ್ ಹಾಕ್ಸಿದೀನಿ, ಡಿಗ್ರಿ ಸರ್ಟಿಫಿಕೇಟ್‌ಗೆ ಹಾಕ್ಸಿಲ್ಲ.

ಆದ್ರೆ ಆ ಹುಚ್ಚು ಎಲ್ಲೆಲ್ಲಿಗೆ ಹೋಗಿದೆ ನೋಡಿ. ಮೊದಲನೇ ಮಹಾಯುದ್ಧ, 1917ರ ಮೇ, ಗುಬ್ಬಿಯೋ ಹುಡುಗರು ಡೊಲೊಮೈಟ್ ಪರ್ವತದಲ್ಲಿ ಕೊಲ್ ದಿ ಲಾನಾ ಅನ್ನೋ ಕಡೆ ಯುದ್ಧದ ಮುಂಚೂಣೀಲಿದ್ರು, ಅಲ್ಲೇ ಸಿಕ್ಕಿದ ಸಾಮಾನಲ್ಲಿ ಚೇರಿ ಮಾಡಿ ಹೊತ್ತು ಓಡಿದ್ರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜೆಸಪ್ ಅಂತ ಒಂದು ಊರು, ಕಲ್ಲಿದ್ದಲು ಗಣಿ ಕೆಲಸಕ್ಕೆ ಅಂತ ಗುಬ್ಬಿಯೋದಿಂದ ಹೋದೋರು ಅಲ್ಲೂ ಶುರು ಮಾಡಿದ್ರು, ಅವರ ಮೊಮ್ಮಕ್ಕಳು ಈಗಲೂ ಮೇ ತಿಂಗಳಲ್ಲಿ ಮೂರು ಚೇರಿ ಹೊತ್ತು ಓಡ್ತಾರೆ. ಇಡೀ ಉಂಬ್ರಿಯಾ ಪ್ರಾಂತ್ಯದ ಲಾಂಛನದಲ್ಲಿ ಇರೋದೂ ಇದೇ ಮೂರು. ಕೋವಿಡ್‌ನಲ್ಲಿ ನಿಂತುಹೋಯ್ತು, 2020, 2021 ಎರಡು ವರ್ಷ. ಫೋನ್ ಮಾಡಿದ್ದೆ ಯಜಮಾನಿಗೆ, ಆರೋಗ್ಯ ಹೇಗಿದೆ ಅಂತ ಕೇಳಿದ್ರೆ ಆರೋಗ್ಯ ಬಿಡು, ಚೇರಿ ಇಲ್ಲ ಈ ಸಲ ಅಂದ್ರು. 2022ರಲ್ಲಿ ಮತ್ತೆ ಶುರುವಾದಾಗ ಅವರೇ ಫೋನ್ ಮಾಡಿದ್ರು, ಕಿಟಕಿಯಿಂದ ಆಚೆ ಹಿಡ್ಕೊಂಡಿದ್ರು ಅನ್ಸುತ್ತೆ, ಮಾತಿಲ್ಲ, ಬರೀ ಗಂಟೆ ಶಬ್ದ.

ಪ್ರಶ್ನೋತ್ತರದಲ್ಲಿ ಬಂದಿದ್ದು ಮೂರ್ನಾಲ್ಕು, ಮುಖ್ಯವಾದ್ದು ಎರಡು ಬರೀತೀನಿ.

ಹೆಂಗಸರು ಹೊರಲ್ವಾ ಅಂತ ಮೂರನೇ ಸಾಲಿಂದ ಒಬ್ಬರು ಮೇಡಂ ಕೇಳಿದ್ರು. ಸಂಪ್ರದಾಯದಲ್ಲಿ ಗಂಡಸರೇ ಮೇಡಂ, ನಂಗೂ ಅದು ಸರಿ ಅನ್ಸಲ್ಲ. ಮನೇಲಿ ಹಬ್ಬನ ಹೊರೋರು ಪೂರ್ತಿ ಹೆಂಗಸರೇ, ಬಟ್ಟೆ, ಊಟ, ಮಗನಿಗೆ ಯಾವ ಬಣ್ಣ ಅನ್ನೋದರ ಕೊನೇ ತೀರ್ಮಾನ, ಎಲ್ಲಾ. ಬರೀ ಹೆಗಲು ಮಾತ್ರ ಗಂಡಸರದ್ದು, ಫೋಟೋದಲ್ಲಿ ಬರೋದು ಹೆಗಲೇ.

ಇನ್ನೊಬ್ಬರು ಹಿರಿಯರು, ಇಷ್ಟೆಲ್ಲಾ ಮಾಡಿದ್ರೆ ಪ್ರೈಜ್ ಏನು ಅಂದ್ರು. ಇಲ್ಲ ಸಾರ್, ಕಪ್ ಇಲ್ಲ, ದುಡ್ಡಿಲ್ಲ, ಹಾರವೂ ಇಲ್ಲ. ಮೇಲೆ ಹೋಗಿ ಚೇರಿ ಬಿಟ್ಟು, ಮೂರೂ ಸಂತರ ಮೂರ್ತಿನ ಇಳಿಸ್ಕೊಂಡು, ಕತ್ತಲಲ್ಲಿ ಮೇಣದಬತ್ತಿ ಹಚ್ಕೊಂಡು ಹಾಡ್ಕೊಂಡು ಊರಿಗೆ ಇಳೀತಾರೆ. ಅರ್ಧ ಗಂಟೆ ಮುಂಚೆ ಬಾಗಿಲಿಗಾಗಿ ಬಡಿದಾಡ್ತಿದ್ದ ಹಳದಿ ನೀಲಿ ಒಟ್ಟಿಗೆ, ಗಂಟಲು ಕಟ್ಟಿರುತ್ತೆ ಎಲ್ರಿಗೂ, ಶ್ರುತಿ ಅಂತೂ ಕೇಳ್ಬೇಡಿ. ನಾನು ಪಕ್ಕದಲ್ಲಿ ನಡೀತಿದ್ದೆ, ಒಬ್ಬ ನೀಲಿಯವನು ನನ್ನ ದೊಗಳೆ ಹಳದಿ ಶರ್ಟ್ ನೋಡಿ, ಇದು ಯಾರದ್ದು ಅಂತ ನಂಗೊತ್ತು ಅಂದ, ಶರ್ಟ್ ಮಾಲೀಕರ ಹೆಸರೂ ಹೇಳಿದ, ಅವರು ಯಾವ ತಿರುವಲ್ಲಿ ಹೊರ್ತಿದ್ರು ಅನ್ನೋದೂ ಹೇಳಿದ, ಆಮೇಲೆ ತನ್ನ ಕೈಲಿದ್ದ ಮೇಣದಬತ್ತಿ ನಂಗೆ ಕೊಟ್ಟು ಮುಂದೆ ಹೋದ.

ಹಾಂ, ಆ ಹೂಜಿ ಚೂರು ಇನ್ನೂ ಹಿಂದಿನ ಸಾಲಲ್ಲೇ ಇರ್ಬೇಕು, ಯಾರ ಹತ್ರ ಇದೆಯೋ ಸ್ವಲ್ಪ ಮುಂದೆ ಪಾಸ್ ಮಾಡಿ.